ವಿಜ್ಞಾನತಪಸ್ವಿ ಆಚಾರ್ಯ ಜಗದೀಶಚಂದ್ರ ಬೋಸ್

ತಂತಿಯ ಹಂಗಿಲ್ಲದೆ ಮಾತು ದೇಶದೇಶಗಳನ್ನು ದಾಟುವ ಕಾಲ ಇದು. ಸಂತೆಯಲ್ಲಿ ಸೊಪ್ಪು ಮಾರುವ ಅಜ್ಜಿಯ ಮಡಿಲಲ್ಲಿಯೂ ಈಗ ಒಂದು ಮೊಬೈಲ್ ಫೋನು ಇದೆ. ಅಂಗೈಯಗಲದ ಆ ಯಂತ್ರದ ಹಿಂದೆ ಸಾವಿರಾರು ಪೇಟೆಂಟುಗಳಿವೆ. ಅವುಗಳ ಒಡೆತನಕ್ಕಾಗಿ ದೊಡ್ಡ ದೊಡ್ಡ ಕಂಪನಿಗಳು ನ್ಯಾಯಾಲಯಗಳಲ್ಲಿ ವರ್ಷಗಟ್ಟಲೆ ಹೋರಾಡುತ್ತವೆ. ಈ ಹಕ್ಕುಪತ್ರಗಳ ವಂಶಾವಳಿಯನ್ನು ಹಿಡಿದು ಹಿಂದಕ್ಕೆ ನಡೆದರೆ, ಅದರ ಮೊದಲ ಪುಟಗಳಲ್ಲಿಯೇ ಒಬ್ಬ ಭಾರತೀಯನ ಹೆಸರು ನಮ್ಮನ್ನು ತಡೆದು ನಿಲ್ಲಿಸುತ್ತದೆ. 1904ನೆಯ ಇಸವಿ ಮಾರ್ಚ್ 29ರಂದು ಅಮೆರಿಕದ ಪೇಟೆಂಟ್ ಕಚೇರಿಯು 7,55,840ನೆಯ ಸಂಖ್ಯೆಯ ಹಕ್ಕುಪತ್ರವನ್ನು ಕಲ್ಕತ್ತೆಯ ಒಬ್ಬ ಅಧ್ಯಾಪಕರ ಹೆಸರಿಗೆ ಬರೆದುಕೊಟ್ಟಿತು. ಆ ಅಧ್ಯಾಪಕರೇ ಆಚಾರ್ಯ ಜಗದೀಶಚಂದ್ರ ಬೋಸರು. ಆಶ್ಚರ್ಯದ ಸಂಗತಿಯೆಂದರೆ, ಆ ಪತ್ರವನ್ನು ಅವರು ಬಯಸಿ ಬೇಡಿದವರಲ್ಲ. ಕೈಗೆ ಬಂದ ಮೇಲೆ ಅದರ ಹಕ್ಕನ್ನು ಚಲಾಯಿಸಿದವರೂ ಅಲ್ಲ. ಹೀಗೇಕೆ ಆಯಿತೆಂಬುದನ್ನು ಅರಿಯಬೇಕಾದರೆ ಆ ಮಹನೀಯರ ಜೀವನವನ್ನು ಮೊದಲಿನಿಂದ ನೋಡಬೇಕು.

ಜಗದೀಶಚಂದ್ರರು 1858ನೆಯ ಇಸವಿ ನವೆಂಬರ್ 30ರಂದು, ಈಗ ಬಾಂಗ್ಲಾದೇಶಕ್ಕೆ ಸೇರಿರುವ ಪೂರ್ವಬಂಗಾಳದಲ್ಲಿ ಜನಿಸಿದರು. ತಂದೆ ಭಗವಾನ್‌ಚಂದ್ರರು ಸರಕಾರದ ಡೆಪ್ಯುಟಿ ಮ್ಯಾಜಿಸ್ಟ್ರೇಟರು, ಬ್ರಾಹ್ಮಸಮಾಜದ ಅನುಯಾಯಿಗಳು. ಆ ದಿನಗಳಲ್ಲಿ ಅಧಿಕಾರಿಗಳ ಮಕ್ಕಳು ಇಂಗ್ಲಿಷ್ ಶಾಲೆಗೆ ಹೋಗುವುದೇ ಮರ್ಯಾದೆಯ ಲಕ್ಷಣವಾಗಿತ್ತು. ಭಗವಾನ್‌ಚಂದ್ರರಾದರೋ, ಪರಭಾಷೆಯನ್ನು ಕಲಿಯುವ ಮೊದಲು ಬಾಲಕನಿಗೆ ತನ್ನ ನುಡಿಯೂ ತನ್ನ ಜನರೂ ತಿಳಿದಿರಬೇಕೆಂದು ನಿಶ್ಚಯಿಸಿ, ಮಗನನ್ನು ಫರೀದಪುರದ ಬಂಗಾಳಿ ಶಾಲೆಗೆ ಸೇರಿಸಿದರು. ಅಲ್ಲಿ ಬಾಲಕನ ಒಂದು ಮಗ್ಗುಲಲ್ಲಿ ತಂದೆಯ ಮುಸಲ್ಮಾನ ಜವಾನನ ಮಗ, ಇನ್ನೊಂದು ಮಗ್ಗುಲಲ್ಲಿ ಬೆಸ್ತರ ಹುಡುಗ. ಹಕ್ಕಿ, ಮೃಗ, ಜಲಚರಗಳ ಕಥೆಗಳನ್ನು ಅವರ ಬಾಯಿಂದ ಕೇಳಿ ಕೇಳಿ, ಪ್ರಕೃತಿಯ ರಹಸ್ಯಗಳನ್ನು ಅರಿಯಬೇಕೆಂಬ ಆಸೆ ತನ್ನಲ್ಲಿ ಮೊಳೆಯಿತೆಂದು ಬೋಸರು ಮುಂದೆ ಸ್ಮರಿಸಿಕೊಂಡಿದ್ದಾರೆ. ಗೆಳೆಯರು ಮನೆಗೆ ಬಂದರೆ ತಾಯಿ ಬಾಮಸುಂದರೀದೇವಿಯವರು ಭೇದವೆಣಿಸದೆ ಎಲ್ಲರಿಗೂ ಒಟ್ಟಿಗೆ ಬಡಿಸುತ್ತಿದ್ದರು. ಮಕ್ಕಳನ್ನು ಯಾವ ಭಾಷೆಯ ಶಾಲೆಗೆ ಕಳುಹಿಸಬೇಕೆಂದು ವರ್ಷವರ್ಷವೂ ಚಿಂತಿಸುವ ಗಡಿನಾಡಿನ ತಾಯಿತಂದೆಗಳು ಈ ಸಂಗತಿಯನ್ನು ಮನಸ್ಸಿನಲ್ಲಿಡಬೇಕು. ತಾಯ್ನುಡಿಯಲ್ಲಿ ಅಕ್ಷರಾಭ್ಯಾಸ ಮಾಡಿದ ಆ ಬಾಲಕನಿಗೆ ಮುಂದೆ ಕೇಂಬ್ರಿಜ್ಜಿನ ಬಾಗಿಲು ಮುಚ್ಚಿರಲಿಲ್ಲ.

ಆ ಬಳಿಕ ಕಲ್ಕತ್ತೆಯ ಹೇರ್ ಶಾಲೆ, ಸೇಂಟ್ ಝೇವಿಯರ್ ಶಾಲೆ ಮತ್ತು ಕಾಲೇಜುಗಳಲ್ಲಿ ವಿದ್ಯಾಭ್ಯಾಸ ನಡೆಯಿತು. ಕಾಲೇಜಿನಲ್ಲಿ ಫಾದರ್ ಲಫಾಂಟ್ ಎಂಬ ಪಾದ್ರಿಗಳು ಪ್ರಯೋಗಗಳನ್ನು ಕಣ್ಮುಂದೆ ಮಾಡಿ ತೋರಿಸಿ ಭೌತವಿಜ್ಞಾನದ ರುಚಿ ಹತ್ತಿಸಿದರು. 1880ರಲ್ಲಿ ತರುಣ ಬೋಸರು ವೈದ್ಯಶಾಸ್ತ್ರ ಕಲಿಯಲು ಲಂಡನ್ನಿಗೆ ತೆರಳಿದರು. ಆದರೆ ಮರುಕಳಿಸುತ್ತಿದ್ದ ಜ್ವರ ಅವರನ್ನು ಬಾಧಿಸಿದುದರಿಂದ ಆ ಓದನ್ನು ತ್ಯಜಿಸಿ, ಕೇಂಬ್ರಿಜ್ಜಿನ ಕ್ರೈಸ್ಟ್ಸ್ ಕಾಲೇಜನ್ನು ಸೇರಿ ಪ್ರಕೃತಿವಿಜ್ಞಾನವನ್ನು ಅಭ್ಯಸಿಸಿದರು. ಅಲ್ಲಿ ಲಾರ್ಡ್ ರ‍್ಯಾಲೆಯವರಂಥ ಮಹಾವಿದ್ವಾಂಸರು ಅವರಿಗೆ ಗುರುಗಳಾಗಿ ದೊರೆತರು. 1884ರಲ್ಲಿ ಕೇಂಬ್ರಿಜ್ ಪದವಿಯೂ ಲಂಡನ್ ವಿಶ್ವವಿದ್ಯಾನಿಲಯದ ವಿಜ್ಞಾನ ಪದವಿಯೂ ಕೈಸೇರಿದುವು.

1885ರಲ್ಲಿ ಸ್ವದೇಶಕ್ಕೆ ಮರಳಿದ ಬೋಸರು ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಭೌತವಿಜ್ಞಾನದ ಅಧ್ಯಾಪಕರಾಗಿ ನಿಯಮಿತರಾದರು. ಅದೇ ಪದವಿಯಲ್ಲಿದ್ದ ಯುರೋಪಿಯನ್ನರಿಗೆ ದೊರೆಯುತ್ತಿದ್ದ ವೇತನದ ಮೂರರಲ್ಲಿ ಎರಡು ಪಾಲು ಮಾತ್ರ ಭಾರತೀಯನಿಗೆ ಎಂಬುದು ಆಗಿನ ನಿಯಮ. ನೇಮಕ ತಾತ್ಕಾಲಿಕವೆಂಬ ನೆಪದಿಂದ ಅದರಲ್ಲಿಯೂ ಅರ್ಧವನ್ನು ಕಡಿದರು. ಬೋಸರು ಜಗಳವಾಡಲಿಲ್ಲ, ರಾಜೀನಾಮೆ ಕೊಡಲಿಲ್ಲ. ಪ್ರತಿ ತಿಂಗಳೂ ಸಂಬಳವನ್ನು ಮುಟ್ಟದೆ ಹಿಂದಿರುಗಿಸಿ, ಪಾಠವನ್ನು ಮಾತ್ರ ಯಥಾಪ್ರಕಾರ ನಡೆಸಿದರು. ಹೀಗೆ 3 ವರ್ಷಗಳು ಕಳೆದುವು. ಸ್ವದೇಶೀ ಉದ್ಯಮಗಳಿಗೆ ಹಣ ತೊಡಗಿಸಿ ತಂದೆಯವರು ಸಾಲದಲ್ಲಿ ಮುಳುಗಿದ್ದ ಕಾಲ ಅದು. 1887ರಲ್ಲಿ ಕೈಹಿಡಿದ ಪತ್ನಿ ಅಬಲಾದೇವಿಯವರು ಮದರಾಸಿನಲ್ಲಿ ಕೆಲಕಾಲ ವೈದ್ಯವಿದ್ಯೆ ಓದಿದ್ದ ಸುಶಿಕ್ಷಿತೆ. ಈ ಕಷ್ಟಕಾಲದಲ್ಲಿ ಪತಿಗೆ ಹೆಗಲು ಕೊಟ್ಟು ನಿಂತರು. ಕೊನೆಗೆ ಮೇಲಧಿಕಾರಿಗಳೇ ಮಣಿದರು. ಪೂರ್ಣ ವೇತನವೂ ಹಿಂದಿನ ಬಾಕಿಯೂ ಒಟ್ಟಿಗೆ ದೊರೆತುವು; ತಂದೆಯ ಸಾಲ ತೀರಿತು. ಹಣದ ಆವಶ್ಯಕತೆ ಏನೆಂದು ಬಲ್ಲವರೇ ಮುಂದೆ ಹಣವನ್ನು ನಿರಾಕರಿಸಿದರೆಂಬುದನ್ನು ವಾಚಕರು ಗಮನಿಸಬೇಕು.

ಬೆಳಕು ಎಂಬುದು ವಿದ್ಯುತ್ತು ಮತ್ತು ಕಾಂತಶಕ್ತಿಗಳು ಕೂಡಿದ ಒಂದು ತರಂಗವೆಂದೂ, ಕಣ್ಣಿಗೆ ಕಾಣದ ಬೇರೆ ತರಂಗಗಳೂ ಇರಬೇಕೆಂದೂ ಮ್ಯಾಕ್ಸ್‌ವೆಲ್ ಎಂಬ ಸ್ಕಾಟ್ಲೆಂಡಿನ ವಿಜ್ಞಾನಿ ಗಣಿತದಿಂದ ತೋರಿಸಿದ್ದರು. ಜರ್ಮನಿಯ ಹರ್ಟ್ಸ್ ಅವುಗಳನ್ನು ಪ್ರಯೋಗದಿಂದ ಹುಟ್ಟಿಸಿ ತೋರಿದರು. ಆದರೆ 1894ರ ಜನವರಿ 1ರಂದು, ಇನ್ನೂ ತಾರುಣ್ಯದಲ್ಲಿಯೇ, ಕಾಲವಶರಾದರು. ಆ ವರ್ಷ ಹರ್ಟ್ಸರ ಕಾರ್ಯವನ್ನು ಕುರಿತು ಆಲಿವರ್ ಲಾಡ್ಜ್ ಮಾಡಿದ ಉಪನ್ಯಾಸವು ಬೋಸರ ಮನಸ್ಸನ್ನು ಸೆಳೆಯಿತು. ತಮ್ಮ 36ನೆಯ ಹುಟ್ಟುಹಬ್ಬದಂದು ಅವರು ಇನ್ನು ಮುಂದಿನ ಆಯುಸ್ಸು ಸಂಶೋಧನೆಗೇ ಮೀಸಲೆಂದು ಸಂಕಲ್ಪಿಸಿದರು.

ಸಂಕಲ್ಪವೇನೋ ದೊಡ್ಡದು, ಸಾಧನಗಳಾದರೋ ಅತ್ಯಲ್ಪ. ಕಾಲೇಜಿನಲ್ಲಿ ಸಂಶೋಧನೆಗೆ ತಕ್ಕ ಪ್ರಯೋಗಶಾಲೆಯೇ ಇರಲಿಲ್ಲ. ದೊರೆತದ್ದು 24 ಚದರಡಿಯ ಒಂದು ಗೂಡು. ಸಹಾಯಕ್ಕೆ ತಗಡಿನ ಕೆಲಸದ ಒಬ್ಬ ಕುಶಲಿ. ಖರ್ಚು ತಮ್ಮ ಸಂಬಳದಿಂದಲೇ. ಹರ್ಟ್ಸರ ತರಂಗಗಳು ಬಹಳ ಉದ್ದವಾಗಿದ್ದುದರಿಂದ ಅವುಗಳ ಗುಣಗಳನ್ನು ಪರೀಕ್ಷಿಸಲು ಭಾರಿ ಸಲಕರಣೆಗಳು ಬೇಕಾಗುತ್ತಿದ್ದುವು. ತರಂಗವನ್ನೇ ಗಿಡ್ಡ ಮಾಡಿದರೆ ಸಲಕರಣೆಯೂ ಮೇಜಿನ ಮೇಲೆ ಹಿಡಿಯುವಷ್ಟು ಚಿಕ್ಕದಾಗುತ್ತದೆಂದು ಬೋಸರು ಯೋಚಿಸಿದರು. ಅವರು ಹುಟ್ಟಿಸಿದ ತರಂಗಗಳಲ್ಲಿ 5 ಮಿಲಿಮೀಟರಿನಷ್ಟು ಕಿರಿಯವೂ ಇದ್ದುವು, 25 ಮಿಲಿಮೀಟರಿನಷ್ಟು ಹಿರಿಯವೂ ಇದ್ದುವು. 5 ಮಿಲಿಮೀಟರಿನ ತರಂಗವೆಂದರೆ ಸೆಕೆಂಡಿಗೆ ಸುಮಾರು 6,000 ಕೋಟಿ ಕಂಪನಗಳು. ಅವುಗಳನ್ನು ಕಳುಹಿಸಲೂ ಹಿಡಿಯಲೂ ಲೋಹದ ಕೊಳವೆಗಳನ್ನೂ ಕಹಳೆಯಂತೆ ಬಾಯಗಲಿಸಿದ ಆಲಿಕೆಗಳನ್ನೂ ಅವರೇ ನಿರ್ಮಿಸಿದರು. ದುಬಾರಿ ಉಪಕರಣಗಳಿಗಾಗಿ ಅವರು ಕಾದು ಕುಳಿತವರಲ್ಲ. ತರಂಗಗಳ ಧ್ರುವೀಕರಣವನ್ನು, ಅಂದರೆ ಅವು ಒಂದೇ ದಿಕ್ಕಿನಲ್ಲಿ ಕಂಪಿಸುವಂತೆ ಸೋಸುವುದನ್ನು, ತೋರಿಸಲು ಬ್ರಾಡ್‌ಶಾ ರೈಲ್ವೆ ವೇಳಾಪಟ್ಟಿಯ ಪುಟಗಳ ನಡುವೆ ತವರದ ಹಾಳೆ ಸೇರಿಸಿದರು. ಹೊಸೆದ ಸೆಣಬಿನ ನಾರಿನ ಕಟ್ಟುಗಳಿಂದ ತರಂಗಗಳ ಕಂಪನದ ದಿಕ್ಕನ್ನು ತಿರುಗಿಸಿ ತೋರಿದರು.

1895ರಲ್ಲಿ ಕಲ್ಕತ್ತೆಯ ಪುರಭವನದಲ್ಲಿ ನಡೆದ ಪ್ರದರ್ಶನವು ಜನರನ್ನು ಬೆರಗುಗೊಳಿಸಿತು. ಒಂದು ಕೋಣೆಯಲ್ಲಿ ಹುಟ್ಟಿಸಿದ ಅದೃಶ್ಯ ತರಂಗಗಳು ಗೋಡೆಗಳನ್ನು ತೂರಿ, ಮಧ್ಯೆ ಆಸೀನರಾಗಿದ್ದ ಬಂಗಾಳದ ಲೆಫ್ಟಿನೆಂಟ್ ಗವರ್ನರರ ದೇಹವನ್ನೂ ಹಾಯ್ದು, ಸುಮಾರು 75 ಅಡಿ ದೂರದಲ್ಲಿ ಗಂಟೆ ಬಾರಿಸಿದುವು, ಪಿಸ್ತೂಲು ಹಾರಿಸಿದುವು, ಮದ್ದಿನ ಪುಟ್ಟ ರಾಶಿಯೊಂದನ್ನು ಸಿಡಿಸಿದುವು. 1896ರಲ್ಲಿ ಲಂಡನ್ ವಿಶ್ವವಿದ್ಯಾನಿಲಯವು ಅವರಿಗೆ ಡಾಕ್ಟರ್ ಪದವಿಯನ್ನಿತ್ತಿತು. ಅದೇ ವರ್ಷ ಇಂಗ್ಲೆಂಡಿಗೆ ತೆರಳಿದ ಬೋಸರು ಲಿವರ್‌ಪೂಲಿನ ವಿಜ್ಞಾನ ಸಮ್ಮೇಳನದಲ್ಲಿಯೂ, 1897ರ ಜನವರಿಯಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿಯೂ ತಮ್ಮ ಉಪಕರಣಗಳನ್ನು ಪ್ರದರ್ಶಿಸಿದರು.

ಆ ವೇಳೆಗೆ ಇಟಲಿಯ ತರುಣ ಮಾರ್ಕೋನಿಯೂ ಅದೇ ನಗರದಲ್ಲಿದ್ದನು. 1897ರ ಮಾರ್ಚ್ ತಿಂಗಳಲ್ಲಿ ಅಮೆರಿಕದ ಮೆಕ್ಲೂರ್ಸ್ ಮಾಸಪತ್ರಿಕೆಯು ಒಂದೇ ಲೇಖನದಲ್ಲಿ ಇವರಿಬ್ಬರನ್ನೂ ಓದುಗರಿಗೆ ಪರಿಚಯಿಸಿತು. ಇಬ್ಬರೂ ಒಂದೇ ಶಕ್ತಿಯ ಬೆನ್ನು ಹತ್ತಿದವರು. ಆದರೆ ಮಾರ್ಗ ಬೇರೆ ಬೇರೆ. ಮಾರ್ಕೋನಿ 1896ರ ಜೂನ್ 2ರಂದೇ ಇಂಗ್ಲೆಂಡಿನಲ್ಲಿ ಪೇಟೆಂಟಿಗೆ ಅರ್ಜಿ ಹಾಕಿ, ಮರುವರ್ಷ ಕಂಪನಿ ಕಟ್ಟಿ, ಸಮುದ್ರದ ಮೇಲಿನ ಹಡಗುಗಳಿಗೆ ನಿಸ್ತಂತು ಸುದ್ದಿ ಮುಟ್ಟಿಸುವ ವ್ಯವಸ್ಥೆಯನ್ನು ಬೆಳೆಸಿದನು. ಬೋಸರ ಲಕ್ಷ್ಯವಾದರೋ ತರಂಗಗಳ ಸ್ವಭಾವವನ್ನು ಅರಿಯುವುದರ ಮೇಲಿತ್ತು. ಸುದ್ದಿ ರವಾನೆಯ ವ್ಯಾಪಾರ ಅವರಿಗೆ ಬೇಕಿರಲಿಲ್ಲ.

ಇಲ್ಲಿ ಪೇಟೆಂಟು ಎಂದರೇನೆಂಬುದನ್ನು ಸ್ವಲ್ಪ ವಿವರಿಸುವುದು ಉಚಿತ. ಹೊಸ ಯುಕ್ತಿಯನ್ನು ಕಂಡುಹಿಡಿದವನು ಅದರ ಗುಟ್ಟನ್ನು ಬಚ್ಚಿಡದೆ, ಬಲ್ಲವರು ಓದಿ ಮಾಡಬಹುದಾದಷ್ಟು ಸ್ಪಷ್ಟವಾಗಿ ಬರೆದು ಸರಕಾರಕ್ಕೆ ಒಪ್ಪಿಸಬೇಕು. ಅದಕ್ಕೆ ಪ್ರತಿಯಾಗಿ ಸರಕಾರವು ಗೊತ್ತಾದ ಕೆಲವು ವರ್ಷಗಳವರೆಗೆ, ಅವನ ಅನುಮತಿಯಿಲ್ಲದೆ ಬೇರಾರೂ ಆ ಯುಕ್ತಿಯನ್ನು ಬಳಸಬಾರದೆಂದು ಕಟ್ಟುಮಾಡುತ್ತದೆ. ಅವಧಿ ತೀರಿದೊಡನೆ ಅದು ಲೋಕದ ಸೊತ್ತು. ಆದುದರಿಂದ ಪೇಟೆಂಟಿಗೆ ಎರಡು ಮುಖಗಳಿವೆ: ಒಂದು ಬೇಲಿ, ಇನ್ನೊಂದು ದಾಖಲೆ. ಬೋಸರ ಕಣ್ಣಿಗೆ ಬೇಲಿಯೇ ದೊಡ್ಡದಾಗಿ ಕಂಡಿತು. ಜ್ಞಾನಕ್ಕೆ ಬೇಲಿ ಹಾಕಿ ಕಾಯುವುದು ವಿದ್ಯೆಯನ್ನು ದಾನವಾಗಿ ಪಡೆದವನ ಧರ್ಮವಲ್ಲವೆಂದು ಅವರು ಬಗೆದಿದ್ದರು.

ಆಗಿನ ನಿಸ್ತಂತು ಯಂತ್ರಗಳಲ್ಲಿ ಬಂದ ತರಂಗವನ್ನು ಗುರುತಿಸುವ ಅಂಗಕ್ಕೆ ಕೊಹಿಯರರ್ ಎಂದು ಹೆಸರು. ಅದು ಲೋಹದ ಪುಡಿ ತುಂಬಿದ ಗಾಜಿನ ನಳಿಕೆ. ತರಂಗ ತಾಗಿದೊಡನೆ ಪುಡಿ ಒಂದಕ್ಕೊಂದು ಅಂಟಿಕೊಂಡು ವಿದ್ಯುತ್ತಿಗೆ ದಾರಿ ಕೊಡುತ್ತಿತ್ತು. ಮರಳಿ ಸಡಿಲಿಸಲು ಪ್ರತಿ ಸಲವೂ ನಳಿಕೆಯನ್ನು ತಟ್ಟಬೇಕು. ಬಂಗಾಳದ ತೇವದ ಹವೆಯಲ್ಲಿ ಈ ನಳಿಕೆ ಮತ್ತಷ್ಟು ತೊಂದರೆ ಕೊಡುತ್ತಿತ್ತು. ಬೋಸರು ಪುಡಿಯನ್ನು ಬಿಟ್ಟು ಉಕ್ಕಿನ ಸುರುಳಿಗಳನ್ನು ಬಳಸಿದರು. ಬಳಿಕ ಕಬ್ಬಿಣ ಮತ್ತು ಪಾದರಸಗಳ ಸ್ಪರ್ಶದಿಂದ ತಟ್ಟದೆಯೇ ತಾನಾಗಿ ಮೊದಲಿನ ಸ್ಥಿತಿಗೆ ಬರುವ ಸಾಧನವನ್ನು ರಚಿಸಿ, ಅದರ ವಿವರವನ್ನೆಲ್ಲ 1899ರ ಏಪ್ರಿಲ್‌ನಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಮುಂದಿಟ್ಟರು. ಅದಕ್ಕೆ ಯಾವ ಪೇಟೆಂಟನ್ನೂ ಕೋರಲಿಲ್ಲ.

ಎರಡೂವರೆ ವರ್ಷಗಳ ತರುವಾಯ, 1901ರ ಡಿಸೆಂಬರ್ 12ರಂದು, ಅಟ್ಲಾಂಟಿಕ್ ಸಾಗರದಾಚೆಯ ನ್ಯೂಫೌಂಡ್‌ಲೆಂಡಿನಲ್ಲಿ ಕುಳಿತ ಮಾರ್ಕೋನಿ, ಇಂಗ್ಲೆಂಡಿನ ಪೋಲ್ಡುವಿನಿಂದ ಹೊರಟ ಸಂಕೇತವನ್ನು ಕೇಳಿದೆನೆಂದು ಲೋಕಕ್ಕೆ ಸಾರಿದನು. ಅವನ ಕಿವಿಗೆ ಆ ಸದ್ದನ್ನು ಮುಟ್ಟಿಸಿದುದು ಪಾದರಸವನ್ನು ಬಳಸಿದ, ತಟ್ಟುವ ಅಗತ್ಯವಿಲ್ಲದ ಒಂದು ಸಾಧನ. ಇಟಲಿಯ ನೌಕಾದಳದ ಅಧಿಕಾರಿ ಸೋಲಾರಿ ಅದನ್ನು ಅವನಿಗೆ ಕೊಟ್ಟಿದ್ದನು. ಅದರ ಮೂಲ ಬೋಸರ 1899ರ ಪ್ರಬಂಧವೆಂದು ಪ್ರೊಬೀರ್ ಬಂದ್ಯೋಪಾಧ್ಯಾಯ ಎಂಬ ವಿದ್ವಾಂಸರು 1998ರಲ್ಲಿ ಎಂಜಿನಿಯರರ ಅಂತರರಾಷ್ಟ್ರೀಯ ಸಂಸ್ಥೆಯ ಪತ್ರಿಕೆಯಲ್ಲಿ ಸವಿಸ್ತಾರವಾಗಿ ವಾದಿಸಿದರು. ಸುಮಾರು 1 ಶತಮಾನದವರೆಗೆ ಆ ಋಣವನ್ನು ಎತ್ತಿ ಹೇಳುವವರು ವಿರಳರಾಗಿದ್ದರು.

ಈ ಮಧ್ಯೆ ಬೋಸರು ಇನ್ನೊಂದು ಹೆಜ್ಜೆ ಮುಂದಿಟ್ಟಿದ್ದರು. ಗೆಲೀನಾ ಎಂಬುದು ಸೀಸ ಮತ್ತು ಗಂಧಕಗಳು ಕೂಡಿದ ಹೊಳಪಿನ ಖನಿಜ. ಅದರ ಹರಳಿನ ಮೇಲೆ ಲೋಹದ ಮೊನೆಯನ್ನು ನವಿರಾಗಿ ತಾಗಿಸಿದರೆ ಆ ಸ್ಪರ್ಶಬಿಂದುವು ವಿದ್ಯುತ್ತರಂಗವನ್ನೂ ಬೆಳಕನ್ನೂ ಗುರುತಿಸುತ್ತದೆಂದು ಅವರು ಕಂಡುಕೊಂಡರು. 1901ರ ಮೇ ತಿಂಗಳಲ್ಲಿ ಲಂಡನ್ನಿನಲ್ಲಿದ್ದಾಗ ತಂತಿ ಸಂಪರ್ಕದ ಪ್ರಸಿದ್ಧ ಕಂಪನಿಯೊಂದರ ಒಡೆಯನು ಪೇಟೆಂಟಿನ ನಮೂನೆಯನ್ನು ಹಿಡಿದುಕೊಂಡೇ ಅವರನ್ನು ಕಾಣಲು ಬಂದನು. ಉಪನ್ಯಾಸದಲ್ಲಿ ಎಲ್ಲವನ್ನೂ ಬಯಲು ಮಾಡಬೇಡಿ, ಹಣ ನಾನು ಹೂಡುತ್ತೇನೆ, ಲಾಭದಲ್ಲಿ ಪಾಲು ನಿಮ್ಮದು ಎಂಬುದು ಅವನ ಬಿನ್ನಹದ ಸಾರ. ಬೋಸರು ಒಪ್ಪಲಿಲ್ಲ. ಲಾಭದ ಚಕ್ರಕ್ಕೆ ಒಮ್ಮೆ ಸಿಲುಕಿದರೆ ಬಿಡುಗಡೆಯಿಲ್ಲವೆಂಬ ತಮ್ಮ ಭಯವನ್ನು ಅವರು ಗೆಳೆಯ ರವೀಂದ್ರನಾಥ ಠಾಕೂರರಿಗೆ ಪತ್ರದ ಮೂಲಕ ತೋಡಿಕೊಂಡರು.

ಆದರೆ ಅವರ ಹಿತೈಷಿಗಳಿಗೆ ಸಮಾಧಾನವಿರಲಿಲ್ಲ. ಸ್ವಾಮಿ ವಿವೇಕಾನಂದರ ಶಿಷ್ಯೆಯರಾದ ಸೋದರಿ ನಿವೇದಿತಾ ಮತ್ತು ಅಮೆರಿಕದ ಶ್ರೀಮತಿ ಸಾರಾ ಬುಲ್ ಇಬ್ಬರೂ ಬೋಸರ ಕಾರ್ಯದಲ್ಲಿ ಅಪಾರ ಶ್ರದ್ಧೆಯುಳ್ಳವರು. ಪರಾಧೀನ ದೇಶದ ವಿಜ್ಞಾನಿಯ ಶೋಧವನ್ನು ಅನ್ಯರು ತಮ್ಮದೆಂದು ಹೇಳಿಕೊಂಡರೆ ಕೇಳುವವರಾರು ಎಂಬ ಚಿಂತೆ ಅವರದು. ಅವರ ಒತ್ತಾಯಕ್ಕೆ ಕಟ್ಟುಬಿದ್ದು ಬೋಸರು ಸಮ್ಮತಿಸಿದರು. 1901ರ ಸೆಪ್ಟೆಂಬರ್ 30ರಂದು ಅಮೆರಿಕದಲ್ಲಿ ಅರ್ಜಿ ದಾಖಲಾಯಿತು. ಆರಂಭದಲ್ಲಿ ಹೇಳಿದ 1904ರ ಹಕ್ಕುಪತ್ರ ಅದರ ಫಲ. ಪತ್ರದಲ್ಲಿ ಅರ್ಧ ಪಾಲನ್ನು ಸಾರಾ ಬುಲ್ ಅವರ ಹೆಸರಿಗೆ ಬರೆಯಲಾಗಿತ್ತು. ಆದರೇನು? ಹಕ್ಕನ್ನು ಚಲಾಯಿಸಿ ಯಾರಿಂದಲೂ ಹಣ ಕೇಳಲು ಬೋಸರು ಮುಂದಾಗಲಿಲ್ಲ. ಪೆಟ್ಟಿಗೆಯಲ್ಲಿಟ್ಟ ಹಾಳೆ ಹಾಗೆಯೇ ಉಳಿಯಿತು. 17 ವರ್ಷಗಳ ಅವಧಿ 1921ಕ್ಕೆ ತೀರಿತು. ಅಷ್ಟರಲ್ಲಿ ಹರಳನ್ನು ಬಳಸಿದ ರೇಡಿಯೋಗಳು ಅನೇಕ ದೇಶಗಳಲ್ಲಿ ಪ್ರಚಾರಕ್ಕೆ ಬಂದಿದ್ದುವು. 1909ರ ನೊಬೆಲ್ ಪಾರಿತೋಷಕವು ನಿಸ್ತಂತು ತಂತಿಯ ಸಾಧನೆಗಾಗಿ ಮಾರ್ಕೋನಿಗೂ ಜರ್ಮನಿಯ ಬ್ರೌನ್‌ಗೂ ಸಂದಿತು.

ಬೋಸರ ಮನಸ್ಸು ಅದಾಗಲೇ ಬೇರೆಡೆಗೆ ಹೊರಳಿತ್ತು. ಬಹುಕಾಲ ದುಡಿಸಿದ ಲೋಹದ ಸಾಧನವು ದಣಿದಂತೆ ಮಂದವಾಗಿ, ವಿಶ್ರಾಂತಿಯ ಮೇಲೆ ಚೇತರಿಸಿಕೊಳ್ಳುವುದನ್ನು ಕಂಡು, ಜೀವವಿರುವುದಕ್ಕೂ ಇಲ್ಲದುದಕ್ಕೂ ನಡುವಣ ಗೆರೆ ಎಲ್ಲಿದೆಯೆಂದು ಅವರು ಹುಡುಕತೊಡಗಿದರು. ಆ ಹುಡುಕಾಟ ಅವರನ್ನು ಸಸ್ಯಗಳ ಕಡೆಗೆ ಒಯ್ದಿತು. ಗಿಡಗಳ ಸೂಕ್ಷ್ಮ ಬೆಳವಣಿಗೆಯನ್ನು ಸಹಸ್ರಾರು ಪಟ್ಟು ಹಿಗ್ಗಿಸಿ ತೋರುವ ಕ್ರೆಸ್ಕೋಗ್ರಾಫ್ ಯಂತ್ರವನ್ನು ನಿರ್ಮಿಸಿದರು. ಅವರ ಸಸ್ಯಸಿದ್ಧಾಂತಗಳಲ್ಲಿ ಕೆಲವನ್ನು ವಿದ್ವಾಂಸರು ಒಪ್ಪಿದರು, ಕೆಲವನ್ನು ಖಂಡಿಸಿದರು. 1917ರಲ್ಲಿ ಸರ್ ಪದವಿಯೂ 1920ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವವೂ ಅವರನ್ನು ಅರಸಿ ಬಂದುವು. ಇಷ್ಟೆಲ್ಲ ಕೀರ್ತಿಯ ನಡುವೆಯೂ ಅವರು ತಾಯ್ನುಡಿಯನ್ನು ಮರೆಯಲಿಲ್ಲ. 1911ರಲ್ಲಿ ಮೈಮನ್‌ಸಿಂಗದ ಬಂಗಾಳಿ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. 1921ರಲ್ಲಿ ಅವ್ಯಕ್ತ ಎಂಬ ಬಂಗಾಳಿ ಪ್ರಬಂಧ ಸಂಕಲನವನ್ನು ಪ್ರಕಟಿಸಿದರು.

1917ರ ನವೆಂಬರ್ 30ರಂದು, ತಮ್ಮ ಹುಟ್ಟುಹಬ್ಬದ ದಿನವೇ, ಬೋಸರು ಕಲ್ಕತ್ತೆಯಲ್ಲಿ ಬಸು ವಿಜ್ಞಾನ ಮಂದಿರವನ್ನು ಲೋಕಾರ್ಪಣ ಮಾಡಿದರು. ತಮ್ಮ ಉಳಿತಾಯವನ್ನೂ ಅಭಿಮಾನಿಗಳ ದಾನವನ್ನೂ ಅದಕ್ಕೆ ಧಾರೆಯೆರೆದರು. ಅಲ್ಲಿನ ಶೋಧನೆಗಳು ಸರ್ವಜನರ ಸೊತ್ತಾಗಬೇಕು, ಯಾವುದಕ್ಕೂ ಪೇಟೆಂಟು ಪಡೆಯಕೂಡದು ಎಂಬುದನ್ನು ಅಂದೇ ಘೋಷಿಸಿದರು. 1911ರಲ್ಲಿಯೇ ಅಗಲಿದ್ದ ನಿವೇದಿತೆಯ ಸ್ಮರಣಾರ್ಥವಾಗಿ ದೀಪ ಹಿಡಿದ ಸ್ತ್ರೀಯ ಶಿಲ್ಪವನ್ನು ಮಂದಿರದಲ್ಲಿ ನಿಲ್ಲಿಸಿದರು. ಪೇಟೆಂಟಿಗಾಗಿ ತಮ್ಮನ್ನು ಒತ್ತಾಯಿಸಿದ ಸೋದರಿಗೆ ಅವರು ಸಲ್ಲಿಸಿದ ಗೌರವ ಹೀಗಿತ್ತು. 1937ರ ನವೆಂಬರ್ 23ರಂದು ಗಿರಿಡಿಯಲ್ಲಿ ಆಚಾರ್ಯರು ದಿವಂಗತರಾದರು. ಅದೇ ವರ್ಷದ ಜುಲೈ 20ರಂದು ಮಾರ್ಕೋನಿಯೂ ರೋಮಿನಲ್ಲಿ ತೀರಿಕೊಂಡಿದ್ದನು.

ಇವರಿಬ್ಬರಲ್ಲಿ ಯಾರು ಸರಿ ಎಂದು ಕೇಳುವವರುಂಟು. ಮಾರ್ಕೋನಿಯನ್ನು ಬರಿಯ ವ್ಯಾಪಾರಿಯೆಂದು ಹಳಿಯುವುದು ನ್ಯಾಯವಲ್ಲ. ಪೇಟೆಂಟಿನ ರಕ್ಷಣೆಯಿಂದ ಬಂಡವಾಳ ಕೂಡಿತು, ಬಂಡವಾಳದಿಂದ ನಿಸ್ತಂತು ಯಂತ್ರ ಹಡಗುಗಳನ್ನೇರಿತು. 1912ರಲ್ಲಿ ಟೈಟಾನಿಕ್ ಮುಳುಗಿದಾಗ 700ಕ್ಕೂ ಹೆಚ್ಚು ಜನ ಬದುಕಿ ಉಳಿದುದು ನಿಸ್ತಂತು ಕರೆಯನ್ನು ಕೇಳಿ ಬೇರೊಂದು ಹಡಗು ಧಾವಿಸಿ ಬಂದುದರಿಂದ. ಬೋಸರು ಹಕ್ಕನ್ನು ಬಿಟ್ಟುಕೊಟ್ಟುದರಿಂದ ನಷ್ಟವೂ ಆಗದಿರಲಿಲ್ಲ. ಅವರ ಹರಳಿನ ಸುತ್ತ ನಮ್ಮ ದೇಶದಲ್ಲಿ ಒಂದು ಉದ್ಯಮ ಹುಟ್ಟಲಿಲ್ಲ. ಪಾದರಸದ ಸಾಧನಕ್ಕೆ ಪೇಟೆಂಟಿಲ್ಲದುದರಿಂದ ಅದರ ಕೀರ್ತಿ ಪರರ ಪಾಲಾಗಿ, ಒಬ್ಬ ಸಂಶೋಧಕನು ಹಳೆಯ ಪ್ರಬಂಧಗಳನ್ನು ಕೆದಕುವವರೆಗೆ ಮರೆವಿನಲ್ಲಿ ಬಿದ್ದಿತ್ತು.

ಹರಳಿನ ಕಥೆ ಹಾಗಾಗಲಿಲ್ಲ. ಗೆಲೀನಾದಂಥ ವಸ್ತುಗಳಿಗೆ ಇಂದು ಅರೆವಾಹಕಗಳೆಂದು ಹೆಸರು. ಮೊಬೈಲ್ ಫೋನಿನ ಜೀವಾಳವೇ ಅವು. ಟ್ರಾನ್ಸಿಸ್ಟರನ್ನು ಕಂಡುಹಿಡಿದವರಲ್ಲಿ ಒಬ್ಬರಾದ ವಾಲ್ಟರ್ ಬ್ರಾಟನ್, ತಮ್ಮ ಸಹೋದ್ಯೋಗಿ ಪಿಯರ್ಸನ್ನರೊಡನೆ 1955ರಲ್ಲಿ ಅರೆವಾಹಕಗಳ ಇತಿಹಾಸವನ್ನು ಬರೆದಾಗ, ರೇಡಿಯೋ ತರಂಗಗಳನ್ನು ಗುರುತಿಸಲು ಅರೆವಾಹಕದ ಹರಳನ್ನು ಬಳಸಿದ ಮನ್ನಣೆಯನ್ನು ಬೋಸರಿಗೆ ಕೊಟ್ಟರು. ಅರೆವಾಹಕ ಸಾಧನಕ್ಕೆ ದೊರೆತ ಮೊದಲ ಪೇಟೆಂಟೆಂದು ಇಂದು ಲೋಕ ಗುರುತಿಸುವುದು ಅದೇ 7,55,840ನೆಯ ಪತ್ರವನ್ನು. 2012ರಲ್ಲಿ ಎಂಜಿನಿಯರರ ಅಂತರರಾಷ್ಟ್ರೀಯ ಸಂಸ್ಥೆಯು ಅವರ ಮಿಲಿಮೀಟರ್ ತರಂಗಗಳ ಪ್ರಯೋಗಗಳನ್ನು ವಿಜ್ಞಾನದ ಮೈಲಿಗಲ್ಲೆಂದು ಮನ್ನಿಸಿತು. 2022ರಲ್ಲಿ ಭಾರತ ಸರಕಾರವು ಐದನೆಯ ತಲೆಮಾರಿನ ಮೊಬೈಲ್ ಸಂಪರ್ಕಕ್ಕಾಗಿ ಹರಾಜು ಹಾಕಿದ ತರಂಗಪಟ್ಟಿಗಳಲ್ಲಿ 26 ಗಿಗಾಹರ್ಟ್ಸಿನದೂ ಒಂದು. ಅದರ ತರಂಗಾಂತರ ಸುಮಾರು 11.5 ಮಿಲಿಮೀಟರು, 24 ಚದರಡಿಯ ಗೂಡಿನಲ್ಲಿ ಬೋಸರು ಅಳೆದ ಎಲ್ಲೆಯೊಳಗಿನದೇ.

ಆಚಾರ್ಯರು ಪೇಟೆಂಟನ್ನು ಬೇಲಿಯೆಂದು ಬಗೆದು ದೂರವಿಟ್ಟರು. ನಿವೇದಿತಾ ಅದರ ಎರಡನೆಯ ಮುಖವನ್ನು, ಎಂದರೆ ದಾಖಲೆಯನ್ನು, ಕಂಡರು. ಬೇಲಿಯ ಅವಧಿ 17 ವರ್ಷಗಳಿಗೇ ಮುಗಿದುಹೋಯಿತು. ದಾಖಲೆಯಾದರೋ ಶತಮಾನ ಕಳೆದರೂ ಅಳಿಯದೆ ನಿಂತಿದೆ. ದಾನ ಮಾಡುವವನು ಕೂಡ ಕೊಟ್ಟದ್ದೇನೆಂಬುದನ್ನು ಬರೆದಿಡುವುದು ಅಹಂಕಾರವಲ್ಲ. ಮುಂದಿನವರಿಗೆ ಅದು ದಾರಿದೀಪ. ನಮ್ಮ ಗಡಿನಾಡಿನ ಕನ್ನಡ ಶಾಲೆಗಳಲ್ಲಿ ಇಂದು ಓದುತ್ತಿರುವ ಬಾಲಕ ಬಾಲಿಕೆಯರಲ್ಲಿ ನಾಳೆಯ ಶೋಧಕರಿರಬಹುದು. ಅವರು ಬೋಸರಂತೆ ಉದಾರವಾಗಿ ಕೊಡಲಿ. ನಿವೇದಿತೆಯ ಮಾತಿನಂತೆ, ಕೊಡುವ ಮುನ್ನ ತಮ್ಮ ಹೆಸರನ್ನು ಬರೆದಿಡಲಿ.